ಮಕ್ಕಳಿಗೆ ಊರು ತೋರಿಸುವುದೆಂದರೇನು?

‘ಮಕ್ಕಳಿಗೆ ಯುರೋಪು ತೋರಿಸಬೇಕು’ ಎಂಬ ಮಾತು ಈಚಿನ ವರ್ಷಗಳಲ್ಲಿ ಹೊರನಾಡ ಕನ್ನಡಿಗರ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದ ಮುಂಬಯಿ ಕನ್ನಡಿಗರ ಮೊಮ್ಮಕ್ಕಳು ಮೆಡಿಟರೇನಿಯನ್ ಕಡಲ ದಂಡೆಯಲ್ಲಿ ಮರಳಿನ ಗುಡಿ ಕಟ್ಟುವಂತಾದರೆ ಅದು ಸಂತೋಷದ ಸಂಗತಿಯೇ. ಅದನ್ನು ಆಡಂಬರವೆಂದು ಹೀಗಳೆಯುವವರ ಸಾಲಿನಲ್ಲಿ ನಾವಿಲ್ಲ. ನಮ್ಮ ತಕರಾರು ಇರುವುದು ‘ತೋರಿಸಬೇಕು’ ಎಂಬ ಆ ಒಂದು ಕ್ರಿಯಾಪದದ ಮೇಲೆ. ತೋರಿಸುವವರು ಯಾರು, ನೋಡುವವರು ಯಾರು, ಯಾರ ಮನೆಯಂಗಳದಲ್ಲಿ ನಿಂತು ಈ ತೋರಿಸುವ ಕೆಲಸ ನಡೆಯುತ್ತದೆ ಎಂಬ ಪ್ರಶ್ನೆಗಳನ್ನೆಲ್ಲ ಆ ಪದ ಸದ್ದಿಲ್ಲದೆ ನುಂಗಿಹಾಕುತ್ತದೆ.

ಸಾಮಾನ್ಯವಾಗಿ ಯೋಜನೆ ಹೀಗಿರುತ್ತದೆ: ಹತ್ತು ದಿನ, ನಾಲ್ಕು ದೇಶ, ಎಂಟು ಊರು. ಇಲ್ಲವೆ ರಾತ್ರಿ ಪಯಣ, ಹಗಲಿಗೊಂದು ಬಂದರು ಎಂಬ ಹಡಗಿನ ಪ್ರವಾಸ. ಇಂಥ ಪಟ್ಟಿಯಲ್ಲಿ ಸ್ಪೇನಿನ ಬಾರ್ಸಿಲೋನಾ ನಗರಕ್ಕೆ ಒಂದು ಹಗಲು ಸಿಕ್ಕರೆ ಹೆಚ್ಚು. ಬೆಳಿಗ್ಗೆ ಸಗ್ರಾದಾ ಫಾಮಿಲಿಯಾ ಇಗರ್ಜಿಯ ಮುಂದೆ ಫೋಟೋ, ಮಧ್ಯಾಹ್ನ ಪಾರ್ಕ್ ಗ್ವೆಲ್, ಸಂಜೆ ರಾಂಬ್ಲಾ ಬೀದಿ, ಕತ್ತಲಾಗುವ ಮುನ್ನ ಬಸ್ಸು. ಏಳು ವರ್ಷದ ಮಗುವಿನ ಲೆಕ್ಕದಲ್ಲಿ ಆ ದಿನವೆಂದರೆ ಮೂರು ಉದ್ದನೆಯ ಸಾಲುಗಳು, ಹತ್ತಾರು ಬಾರಿ ‘ಬೇಗ ನಡಿ’ ಎಂಬ ಗದರಿಕೆ, ಬಸ್ಸಿನ ಕಿಟಕಿಗೆ ಒರಗಿ ಒಂದು ನಿದ್ದೆ. ವರ್ಷವಿಡೀ ಶಾಲೆ, ಟ್ಯೂಷನ್ನು, ಸಂಗೀತ, ಈಜು ಎಂದು ವೇಳಾಪಟ್ಟಿಯೊಳಗೆ ಬದುಕುವ ಮಗುವಿಗೆ ರಜೆಯಲ್ಲಿಯೂ ನಾವು ಕೊಡುವುದು ಇನ್ನೊಂದು ವೇಳಾಪಟ್ಟಿ. ಅಡ್ಡದಾರಿಯಲ್ಲಿ ಕಂಡ ಬೆಕ್ಕಿನ ಹಿಂದೆ ಹೋಗಲು ಅದರಲ್ಲಿ ಎಡೆಯಿಲ್ಲ. ಇದನ್ನು ರಜೆ ಎಂದು ಕರೆಯಲು ನಾವು ಸಿದ್ಧರಿಲ್ಲ.

ವಿಚಿತ್ರವೆಂದರೆ, ಈ ಒಂದು ಹಗಲಿಗಾಗಿ ತಂದೆತಾಯಿಗಳು ಪಡುವ ಪಾಡು ಸಣ್ಣದಲ್ಲ. ಷೆಂಗೆನ್ ವೀಸಾಕ್ಕೆ ಕೈಗೂಸಿಗೂ ಪ್ರತ್ಯೇಕ ಅರ್ಜಿ ಬೇಕು. 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6 ತುಂಬಿ 12 ತುಂಬದ ಮಕ್ಕಳಿಗೆ 45 ಯೂರೋ ಶುಲ್ಕ. 6 ತುಂಬದವರಿಗೆ ಶುಲ್ಕವಿಲ್ಲ, 12 ತುಂಬದವರು ಬೆರಳಚ್ಚು ಕೊಡಬೇಕಾಗಿಲ್ಲ. ಬ್ಯಾಂಕಿನ ಲೆಕ್ಕಪತ್ರ, ರಜೆಯ ಪತ್ರ, ವಿಮೆ ಎಂದು ತಿಂಗಳುಗಟ್ಟಲೆ ಕಾಗದ ಕೂಡಿಸುತ್ತೇವೆ. ಕಾಗದಕ್ಕೆ ಇಷ್ಟು ತಾಳ್ಮೆ ತೋರುವ ನಾವು ಊರಿಗೆ ಒಂದು ವಾರದ ತಾಳ್ಮೆ ತೋರಲಾರೆವೆ?

ಆತುರದ ನಷ್ಟ ನಮ್ಮ ಮಕ್ಕಳದ್ದು ಮಾತ್ರವಲ್ಲ. ಬಾರ್ಸಿಲೋನಾ ಸುಮಾರು ನೂರು ಚದರ ಕಿಲೋಮೀಟರಿನೊಳಗೆ 16 ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಊರು. 2024ರ ಜುಲೈನಲ್ಲಿ ಅಲ್ಲಿನ ನಿವಾಸಿಗಳು ಬೀದಿಗಿಳಿದು ಮಿತಿಮೀರಿದ ಪ್ರವಾಸೋದ್ಯಮದ ವಿರುದ್ಧ ಮೆರವಣಿಗೆ ನಡೆಸಿದರು. ಹೋಟೆಲಿನ ಹೊರಗೆ ಕುಳಿತು ಉಣ್ಣುತ್ತಿದ್ದ ಪ್ರವಾಸಿಗರ ಮೇಲೆ ಕೆಲವರು ಆಟಿಕೆಯ ಪಿಚಕಾರಿಯಿಂದ ನೀರು ಚಿಮ್ಮಿಸಿದ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಚಿತ್ರ ನೋಡಿ ನಕ್ಕವರು ಅದಕ್ಕೂ ಕೆಲವೇ ದಿನಗಳ ಹಿಂದೆ ನಗರದ ಮೇಯರ್ ಜಾವ್ಮಾ ಕೊಲ್ಬೋನಿ ಹೇಳಿದ ಮಾತನ್ನೂ ಓದಬೇಕಾಗಿತ್ತು. ಹತ್ತು ವರ್ಷಗಳಲ್ಲಿ ಮನೆಬಾಡಿಗೆ ಶೇ. 68ರಷ್ಟು ಏರಿದೆ, ಆದ್ದರಿಂದ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ 10,101 ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ಮುಂದುವರಿಸುವುದಿಲ್ಲ ಎಂದು ಅವರು ಘೋಷಿಸಿದ್ದರು. ನಾವು ‘ಅಡುಗೆಮನೆಯಿರುವ ಫ್ಲ್ಯಾಟು, ಮಕ್ಕಳಿಗೆ ಅನ್ನ–ಸಾರು ಮಾಡಿಕೊಳ್ಳಬಹುದು’ ಎಂದು ಹಿಗ್ಗಿ ಕಾದಿರಿಸುವ ಮನೆಯಲ್ಲಿ ಹಿಂದೆ ಒಂದು ಸಂಸಾರವಿದ್ದಿರಬಹುದು ಎಂಬ ಯೋಚನೆ ನಮಗೆ ಬರುವುದಿಲ್ಲ.

ಇನ್ನೂ ಸಣ್ಣದೊಂದು ಉದಾಹರಣೆಯಿದೆ. ಪಾರ್ಕ್ ಗ್ವೆಲ್ ಪಕ್ಕದ ಗುಡ್ಡದ ಓಣಿಗಳಲ್ಲಿ 116 ಸಂಖ್ಯೆಯ ಪುಟ್ಟ ಬಸ್ಸೊಂದು ಓಡುತ್ತದೆ. ಪ್ರವಾಸಿಗರು ಅದನ್ನು ತುಂಬಿಬಿಡುತ್ತಿದ್ದುದರಿಂದ ಸಂತೆಯ ಚೀಲ ಹಿಡಿದ ಅಲ್ಲಿನ ಮುದುಕರಿಗೆ ಹತ್ತಲು ಜಾಗವಿರಲಿಲ್ಲ. ಕೊನೆಗೆ ನಗರಾಡಳಿತವು ಆ ಬಸ್ಸಿನ ಮಾರ್ಗವನ್ನು ಗೂಗಲ್ ನಕ್ಷೆಯಿಂದಲೇ ತೆಗೆಸಿತು. ಒಂದೂರು ತನ್ನ ಅಜ್ಜಿಯರಿಗೆ ಕೂರಲು ಸೀಟು ಸಿಗಲೆಂದು ತನ್ನ ಬಸ್ಸನ್ನು ಅಡಗಿಸಿಡಬೇಕಾಯಿತು! ಮುಂಬಯಿಯ ಲೋಕಲ್ಲಿನಲ್ಲಿ ಬಾಗಿಲಿಗೆ ಜೋತು ಬದುಕಿದ ನಮಗೆ ಈ ಸಂಕಟ ಅರ್ಥವಾಗದಿದ್ದರೆ ಇನ್ನಾರಿಗೆ ಆಗಬೇಕು?

ಇಲ್ಲಿ ಒಂದು ಮುಳ್ಳಿನಂಥ ಪ್ರಶ್ನೆಯನ್ನು ಎದುರಿಸಲೇಬೇಕು. ‘ಹೊರಗಿನವರು ತೊಲಗಿ’ ಎಂಬ ಕೂಗಿನ ಬಿಸಿಯನ್ನು ಹೊರನಾಡ ಕನ್ನಡಿಗರು ಬಲ್ಲರು. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಯ ಕಾಲದಲ್ಲಿ ಉಡುಪಿ ಹೋಟೆಲುಗಳೂ ಅದರ ಗುರಿಯಾಗಿದ್ದವು. ಹಾಗಿರುವಾಗ ಬಾರ್ಸಿಲೋನಾದ ಕೂಗನ್ನು ನಾವು ಸಮರ್ಥಿಸಬಹುದೆ? ಎರಡೂ ಒಂದೇ ಅಲ್ಲವೆಂಬುದು ನಮ್ಮ ನಿಲುವು. ವಲಸೆ ಬಂದವನು ಊರಿನೊಳಗೆ ದುಡಿಯುತ್ತಾನೆ, ಅದರ ಭಾಷೆ ಕಲಿಯುತ್ತಾನೆ, ಮಕ್ಕಳನ್ನು ಅಲ್ಲಿಯ ಶಾಲೆಗೆ ಸೇರಿಸುತ್ತಾನೆ, ಅದರ ಮಳೆಗಾಲವನ್ನು ಅನುಭವಿಸುತ್ತಾನೆ. ಕಳೆದ ಶತಮಾನದಲ್ಲಿ ಆಂಡಲೂಸಿಯಾದಿಂದ ಬಂದ ಲಕ್ಷಾಂತರ ಬಡವರು ಬಾರ್ಸಿಲೋನಾವನ್ನು ಕಟ್ಟಿದ್ದೂ ಹೀಗೆಯೇ. ಮೂರು ದಿನದ ಅತಿಥಿ ಆ ಊರಿನ ಮನೆಯನ್ನು ಬಳಸಿ, ಅದರ ಬಾಡಿಗೆಯನ್ನು ಏರಿಸಿ ಹೊರಡುತ್ತಾನೆ. ಪಿಚಕಾರಿಯ ನೀರು ತಪ್ಪು ಜನರ ಮೇಲೆ ಬಿದ್ದಿರಬಹುದು. ಮನೆ ಉಳಿಯಬೇಕೆಂಬ ಬೇಡಿಕೆ ತಪ್ಪಲ್ಲ.

ಹಾಗಾದರೆ ಹೋಗುವುದೇ ಬೇಡವೆ? ಹೋಗಬೇಕು, ಆದರೆ ಒಂದೇ ಊರಿಗೆ, ಹತ್ತು ದಿನಕ್ಕೆ, ಅತಿಥಿಯ ಮರ್ಯಾದೆಯೊಡನೆ. ಫ್ಲ್ಯಾಟಿನ ಬದಲು ಹೋಟೆಲಿನಲ್ಲಿ ಎರಡು ಕೋಣೆ ಹಿಡಿಯಬಹುದು. ಜುಲೈ–ಆಗಸ್ಟಿನ ಸೆಕೆ ಮತ್ತು ನೂಕುನುಗ್ಗಲನ್ನು ಬಿಟ್ಟು ಏಪ್ರಿಲ್ ಕೊನೆಗೆ ಹೊರಡಬಹುದು. ನಮ್ಮ ಅನೇಕ ಶಾಲೆಗಳ ಪರೀಕ್ಷೆಗಳೂ ಆ ಹೊತ್ತಿಗೆ ಮುಗಿದಿರುತ್ತವೆ. ಸಮುದ್ರದ ನೀರು ಆಗ ತಣ್ಣಗಿರುವುದರಿಂದ ಈಜಾಟ ಕಷ್ಟ, ಮರಳಾಟಕ್ಕೇನೂ ಅಡ್ಡಿಯಿಲ್ಲ. ಏಪ್ರಿಲ್ 23 ಅಲ್ಲಿ ಸಾಂತ್ ಜೋರ್ದಿಯ ಹಬ್ಬ: ಬೀದಿಬೀದಿಗಳಲ್ಲಿ ಪುಸ್ತಕದ ಮತ್ತು ಗುಲಾಬಿಯ ಅಂಗಡಿಗಳು, ಪ್ರೀತಿಪಾತ್ರರಿಗೆ ಪುಸ್ತಕ ಕೊಡುವ ರೂಢಿ. ಮಗುವಿಗೆ ಯುರೋಪು ‘ತೋರಿಸ’ಬೇಕೆನ್ನುವವರು ಇಡೀ ಊರು ಪುಸ್ತಕ ಕೊಳ್ಳುವ ಆ ಒಂದು ದಿನವನ್ನು ತೋರಿಸಲಿ.

ಆ ಪುಸ್ತಕಗಳಲ್ಲಿ ಬಹಳಷ್ಟು ಇರುವುದು ಕಟಲಾನ್ ಭಾಷೆಯಲ್ಲಿ. ಅದನ್ನು ಸ್ಪ್ಯಾನಿಷ್‌ನ ಉಪಭಾಷೆಯೆಂದು ತಿಳಿಯುವುದು ಕನ್ನಡವನ್ನು ಇನ್ನೊಂದು ಭಾಷೆಯ ಉಪಭಾಷೆ ಎಂದಷ್ಟೇ ಅಜ್ಞಾನ. 1939ರಿಂದ 1975ರವರೆಗೆ ನಡೆದ ಫ್ರಾಂಕೋ ಆಡಳಿತ ಆ ಭಾಷೆಯನ್ನು ಶಾಲೆ, ಕಚೇರಿಗಳಿಂದ ಹೊರದಬ್ಬಿತ್ತು. ಅಡುಗೆಮನೆಗಳಲ್ಲಿ ಉಳಿದುಕೊಂಡ ಆ ನುಡಿ 1979ರಲ್ಲಿ ಸ್ಪ್ಯಾನಿಷ್ ಜೊತೆಗೆ ಅಧಿಕೃತ ಸ್ಥಾನ ಪಡೆಯಿತು, ಮತ್ತೆ ಶಾಲೆಗೆ ಬಂತು. ಪುಣೆಯಲ್ಲೋ ದೆಹಲಿಯಲ್ಲೋ ಮನೆಯೊಳಗೆ ಮಾತ್ರ ಕನ್ನಡ ಕೇಳಿ ಬೆಳೆಯುವ ಮಗುವಿಗೆ ಈ ಕಥೆಗಿಂತ ಹತ್ತಿರದ ಪಾಠ ಯಾವುದಿದೆ? ವಿಮಾನ ಏರುವ ಮೊದಲು ‘ಬೋನ್ ದಿಯಾ’, ‘ಗ್ರಾಸಿಯೆಸ್’ ಎಂಬ ಎರಡು ಪದಗಳನ್ನಾದರೂ ಮಕ್ಕಳಿಗೆ ಕಲಿಸಿ. ‘ನಮ್ಮೂರಿಗೆ ಬಂದವರು ಕನ್ನಡ ಕಲಿಯುವುದಿಲ್ಲ’ ಎಂದು ದೂರುವವರು ತಾವು ಅತಿಥಿಯಾಗಿ ಹೋದ ಊರಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮಕ್ಕಳು ನೋಡಿಯೇ ಕಲಿಯುತ್ತಾರೆ.

ದಿನಕ್ಕೆ ಒಂದೇ ಜಾಗ ಎಂಬುದು ನಮ್ಮ ಇನ್ನೊಂದು ಒತ್ತಾಯ. ಸಗ್ರಾದಾ ಫಾಮಿಲಿಯಾಕ್ಕೆ ಅಡಿಗಲ್ಲು ಬಿದ್ದದ್ದು 1882ರಲ್ಲಿ. ಶಿಲ್ಪಿ ಗೌದಿ 1926ರಲ್ಲಿ ಟ್ರಾಮು ಬಡಿದು ತೀರಿಕೊಂಡ ಮೇಲೂ ತಲೆಮಾರುಗಳ ಕಾಲ ಕಟ್ಟುವ ಕೆಲಸ ನಡೆದುಬಂತು. ಮರದ ಕೊಂಬೆಗಳಂತೆ ಕವಲೊಡೆಯುವ ಅದರ ಕಂಬಗಳ ಕೆಳಗೆ ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡುತ್ತ ನಿಲ್ಲುವ ಸ್ವಾತಂತ್ರ್ಯ ಮಗುವಿಗಿರಲಿ. ಸುಮಾರು 60 ನಿವೇಶನಗಳ ಬಡಾವಣೆಯಾಗಿ ಹೊರಟು, ಕೊಳ್ಳುವವರಿಲ್ಲದೆ ಸೋತು, ಕೊನೆಗೆ ಸಾರ್ವಜನಿಕ ಉದ್ಯಾನವಾದದ್ದು ಪಾರ್ಕ್ ಗ್ವೆಲ್. ಮಾರಾಟವಾಗದ ನಿವೇಶನ ಮಕ್ಕಳ ಆಟದ ಜಾಗವಾಗಬಲ್ಲದು ಎಂಬ ಸುದ್ದಿ ನಮ್ಮ ನಗರಗಳಿಗೂ ತಲುಪಬೇಕಾದದ್ದು.

ಉಳಿದ ಹೊತ್ತನ್ನು ಬೀದಿಗೆ ಬಿಡಿ. ಪೊಬ್ಲೆನೋವ್ ಬಡಾವಣೆಯಲ್ಲಿ 2016ರಿಂದ ಕೆಲವು ಬೀದಿಗಳನ್ನು ಕಾರುಗಳಿಂದ ಬಿಡಿಸಿ ನಡೆಯುವವರಿಗೂ ಆಡುವ ಮಕ್ಕಳಿಗೂ ಒಪ್ಪಿಸಲಾಗಿದೆ. ಒಂದು ಕಾಲಕ್ಕೆ ಆ ಬಡಾವಣೆ ಮುಂಬಯಿಯ ಗಿರಣಗಾಂವ್‌ನಂತೆ ಗಿರಣಿ–ಕಾರ್ಖಾನೆಗಳ ಕೇರಿ. ಅದರ ಕಡಲ ದಂಡೆಯನ್ನು 1992ರ ಒಲಿಂಪಿಕ್ಸಿಗಾಗಿ ಮರಳು ಸುರಿದು ಹೊಸದಾಗಿ ಕಟ್ಟಲಾಯಿತು. ಸಮುದ್ರಕ್ಕೆ ಬೆನ್ನು ಹಾಕಿದ್ದ ಊರು ಮುಖ ತಿರುಗಿಸಿದ್ದು ಆಗ. ಜುಹೂವಿನ ಭರತ–ಇಳಿತ ಕಂಡ ಮಗು ಅಲ್ಲಿ, ‘ಈ ಸಮುದ್ರ ಯಾಕೆ ಹಿಂದೆ ಹೋಗುವುದೇ ಇಲ್ಲ?’ ಎಂದು ಕೇಳಬಹುದು. ಮೆಡಿಟರೇನಿಯನ್ ಬಹುಪಾಲು ನೆಲದಿಂದ ಸುತ್ತುವರಿದ ಕಡಲಾದ್ದರಿಂದ ಅಲ್ಲಿ ನೀರಿನ ಏರಿಳಿತ ತೀರ ಕಡಿಮೆ. ಆದರೆ ಈ ಪ್ರಶ್ನೆ ಹುಟ್ಟಬೇಕಾದರೆ ಮಗು ಅದೇ ದಂಡೆಗೆ ಬೆಳಿಗ್ಗೆಯೂ ಸಂಜೆಯೂ ಹೋಗಿರಬೇಕು. ಒಂದು ಗಂಟೆಯ ಭೇಟಿಯಲ್ಲಿ ಅದು ಹುಟ್ಟುವುದಿಲ್ಲ.

ಊಟದ ಚಿಂತೆ ಬೇಡ. ಬದನೆ, ದೊಡ್ಡಮೆಣಸಿನಕಾಯಿಗಳನ್ನು ಸುಟ್ಟು ಎಣ್ಣೆ ಬೆರೆಸುವ ‘ಎಸ್ಕಲಿವಾದಾ’ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ದೂರದ ನೆಂಟ. ಟೊಮೇಟೊ ಉಜ್ಜಿದ ರೊಟ್ಟಿಯನ್ನು ಯಾವ ಮಗುವೂ ಬೇಡವೆನ್ನದು. ಜೊತೆಗೆ ಅಜ್ಜಿ ಬಂದಿದ್ದರೆ ಸಂಜೆ ಗ್ರಾಸಿಯಾ ಬಡಾವಣೆಯ ಚೌಕದ ಬೆಂಚಿನಲ್ಲಿ ಕೂರಲಿ. ಸುತ್ತ ಆಡುವ ಮಕ್ಕಳಲ್ಲಿ ಅವರ ಮೊಮ್ಮಕ್ಕಳೂ ಸೇರಿಕೊಳ್ಳುತ್ತಾರೆ. ಚೆಂಡಿಗೆ ಭಾಷೆ ಬೇಕಾಗಿಲ್ಲ.

‘ಇಷ್ಟು ದುಡ್ಡು ಸುರಿದು ಹೋಗುವಾಗ ಆದಷ್ಟು ಹೆಚ್ಚು ನೋಡಬಾರದೆ? ಮತ್ತೆ ಯಾವಾಗ ಹೋಗುತ್ತೇವೋ!’ ಎನ್ನುವವರ ಅಳಲನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸಂಬಳದಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಆದರೆ ಲೆಕ್ಕವನ್ನು ನೇರವಾಗಿಯೇ ಹಾಕಿ ನೋಡೋಣ. ಊರಿಂದೂರಿಗೆ ಹಾರುವ ಟಿಕೇಟು, ಪ್ರತಿ ಊರಿನ ಟ್ಯಾಕ್ಸಿ, ಪೆಟ್ಟಿಗೆ ಕಟ್ಟಿ ಬಿಚ್ಚುವುದರಲ್ಲಿ ಕಳೆದ ಅರ್ಧರ್ಧ ದಿನಗಳು – ಆ ಖರ್ಚೆಲ್ಲ ನೋಡುವುದಕ್ಕಲ್ಲ, ಸಾಗುವುದಕ್ಕೆ. ಎಂಟೂರು ಸುತ್ತಿದ ಮಗು ಮನೆಗೆ ಬಂದು ಹೇಳುವುದು ವಿಮಾನದ ಕಥೆ. ಒಂದೂರಿನಲ್ಲಿ ಹತ್ತು ದಿನ ಇದ್ದ ಮಗು ಬೇಕರಿಯ ಹೆಂಗಸಿನ ಕಥೆ ಹೇಳುತ್ತದೆ.

ಆದುದರಿಂದ ಪ್ರವಾಸದ ಪಟ್ಟಿ ಬರೆಯುತ್ತಿರುವ ಓದುಗರಲ್ಲಿ ನಮ್ಮ ಕೋರಿಕೆ ಇಷ್ಟೆ: ಬರೆದ ಊರುಗಳಲ್ಲಿ ಒಂದನ್ನು ಉಳಿಸಿ ಬಾಕಿಯವನ್ನು ಹೊಡೆದುಹಾಕಿ. ಉಳಿದ ಊರಿನ ಜಾಗಗಳಲ್ಲಿಯೂ ಅರ್ಧವನ್ನು ಹೊಡೆಯಿರಿ. ಖಾಲಿಯಾದ ದಿನಗಳ ಮುಂದೆ ಮಕ್ಕಳ ಹೆಸರು ಬರೆದು ಪೆನ್ನನ್ನು ಅವರ ಕೈಗೆ ಕೊಡಿ.