ಗೋಡಂಬಿ ಮೊಟ್ಟೆಯೂ ಸಕ್ಕರೆ ಆನೆಯೂ

ಮಾರ್ಚ್ ತಿಂಗಳು ಹೇಗಿರುತ್ತದೆ ಅಂತ ಬ್ಯಾಂಕಿನವರಿಗೇ ಗೊತ್ತು. ಮೂವತ್ತೊಂದರ ಲೆಕ್ಕ ಮುಗಿಸಿ, ತಡರಾತ್ರಿಯ ಲೋಕಲ್ ಹಿಡಿದು ಡೊಂಬಿವಲಿಗೆ ಬಂದು ಬಿದ್ದಮೇಲೆ ಏಪ್ರಿಲ್ ಅನ್ನೋದು ಉಸಿರು ಬಿಡುವ ತಿಂಗಳು. ಪಾಡವಾ, ಯುಗಾದಿ, ರಾಮನವಮಿ, ಈಸ್ಟರ್... ಎಲ್ಲ ಇದರ ಹಿಂದೆಮುಂದೆಯೇ ಬರುತ್ತವೆ. ಹಾಗೆ ಬರುವುದು ಆಕಸ್ಮಿಕವೂ ಅಲ್ಲ. ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ನಮ್ಮ ಯುಗಾದಿಗೆ ಅಮಾವಾಸ್ಯೆಯ ಲೆಕ್ಕ, ಅವರಿಗೆ ಹುಣ್ಣಿಮೆಯ ಲೆಕ್ಕ. 2025ರಲ್ಲಿ ಪಾಡವಾ ಮಾರ್ಚ್ 30ಕ್ಕೆ, ಈಸ್ಟರ್ ಏಪ್ರಿಲ್ 20ಕ್ಕೆ. 2026ರಲ್ಲಿ ಮಾರ್ಚ್ 19 ಮತ್ತು ಏಪ್ರಿಲ್ 5. ಇರುವ ಚಂದ್ರ ಒಬ್ಬನೇ, ಕ್ಯಾಲೆಂಡರ್ ಮಾತ್ರ ಎರಡು!

ಇವತ್ತು ನಾನು ಹೇಳಹೊರಟಿದ್ದು ಮಕ್ಕಳನ್ನು ಕೂಡಿಸಿಕೊಂಡು, ಓವನ್ ಹಚ್ಚದೆ, ಈಸ್ಟರ್ ಸಿಹಿ ಮಾಡುವ ವಿಚಾರ. ಧಾರವಾಡದ ಕಡೆಯಿಂದ ಬಂದ ಬಿ.ಕಾಂ. ಓದಿದ ಬ್ಯಾಂಕ್ ಆಫೀಸರನಿಗೆ ಈ ಉಸಾಬರಿ ಯಾಕೆ ಅಂತೀರಾ? ಕಾರಣ ಇದೆ, ಕೇಳಿ.

ನಮ್ಮ ಬಿಲ್ಡಿಂಗಿನಲ್ಲಿ ಮರಾಠಿಗರು, ಕನ್ನಡದವರು, ತುಳುವರು, ಮಲಯಾಳಿಗಳು, ಗುಜರಾತಿಗಳು ಎಲ್ಲ ಇದ್ದೇವೆ. ಎದುರು ಮನೆಯ ಬಾಯಿ ಮಂಗಳೂರು ಕಡೆಯ ಕ್ರೈಸ್ತರು. ಪ್ರತಿವರ್ಷ ಈಸ್ಟರ್ ಹಿಂದಿನ ಶನಿವಾರ ಮಹಡಿಯ ಮಕ್ಕಳನ್ನೆಲ್ಲ ಕರೆದು ಗೋಡಂಬಿಯ ಮೊಟ್ಟೆ ಮಾಡಿಸುತ್ತಿದ್ದರು. (ಶುಕ್ರವಾರ ಬ್ಯಾಂಕಿಗೆ ರಜೆ ನಿಜ, ಆದರೆ ಗುಡ್ ಫ್ರೈಡೇ ಅವರಿಗೆ ಉಪವಾಸದ, ದುಃಖದ ದಿನ. ಅಂದು ಸಿಹಿ ಮಾಡುವುದಿಲ್ಲ. ರಜೆ ಸಿಕ್ಕಿತೆಂದು 'ಹ್ಯಾಪಿ ಗುಡ್ ಫ್ರೈಡೇ' ಅಂತ ಮೆಸೇಜ್ ಕಳಿಸುವ ಮಹಾನುಭಾವರು ದಯವಿಟ್ಟು ಗಮನಿಸಬೇಕು.) ಒಂದು ವರ್ಷ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: 'ನಮ್ಮ ಮಕ್ಕಳಿಗೆ ಈಸ್ಟರ್ ಯಾಕೆ? ನಮ್ಮ ಹಬ್ಬಗಳು ಕಡಿಮೆ ಆದವೇನು?' ಕೆಳಗೆ ನಾಲ್ಕಾರು ಹೆಬ್ಬೆರಳು. ಜಗಳ ಆಗಲಿಲ್ಲ, ಯಾರೂ ದನಿ ಏರಿಸಲಿಲ್ಲ. ಮರುದಿನ ಬಾಯಿ ನನ್ನ ಹೆಂಡತಿಗೆ ಹೇಳಿದ್ದಿಷ್ಟೆ: "ಬೇಡ ಬಿಡಿ ಅಕ್ಕ, ಈ ಸರ್ತಿ ಮಾಡುದಿಲ್ಲ. ಸುಮ್ನೆ ಯಾಕೆ?"

ಆ 'ಸುಮ್ನೆ ಯಾಕೆ' ಅನ್ನುವ ಮಾತು ನನಗೆ ಬಹಳ ಚುಚ್ಚಿತು. ಜಗಳವಾದರೆ ರಾಜಿ ಮಾಡಿಸಬಹುದು. ಒಬ್ಬರು ತಾವಾಗಿ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತುಬಿಟ್ಟರೆ ಏನು ಮಾಡುವುದು?

'ನಮ್ಮ ಹಬ್ಬ, ಅವರ ಹಬ್ಬ' ಅನ್ನುವವರಿಗೆ ಈ ಊರಿನ ಕತೆ ಸ್ವಲ್ಪ ಹೇಳಬೇಕು. ವಸಯಿ, ಸಾಷ್ಟಿ, ಠಾಣೆಯ ಈ ಸೀಮೆ 1534ರಿಂದ ಹೆಚ್ಚುಕಡಿಮೆ ಇನ್ನೂರು ವರ್ಷ ಪೋರ್ಚುಗೀಸರ ಕೈಯಲ್ಲಿತ್ತು. 1739ರಲ್ಲಿ ಚಿಮಾಜಿ ಅಪ್ಪಾ ವಸಯಿ ಕೋಟೆ ಗೆದ್ದ. ಆ ಕಾಲದಲ್ಲಿ ಕ್ರೈಸ್ತರಾದ ಇಲ್ಲಿಯ ಕೋಳಿ, ಆಗ್ರಿ, ಕುಣಬಿ ಮುಂತಾದ ಸ್ಥಳೀಯರ ಮಕ್ಕಳು ಮೊಮ್ಮಕ್ಕಳೇ ಇಂದಿನ ಈಸ್ಟ್ ಇಂಡಿಯನ್ನರು. 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಅವರು ಈ ಹೆಸರು ಇಟ್ಟುಕೊಂಡರು. ಮನೆಮಾತು ಮರಾಠಿಯದೇ ಒಂದು ಬಗೆ. ಠಾಣೆಯ ಮಾಸುಂದಾ ಕೆರೆಯ ಹತ್ತಿರದ ಸಂತ ಜಾನ್ ಬ್ಯಾಪ್ಟಿಸ್ಟ್ ಚರ್ಚನ್ನು ನೀವು ನೋಡಿರಬಹುದು. ಆಮೇಲೆ ಮಂಗಳೂರು, ಗೋವಾ, ಕೇರಳದಿಂದ ಜನ ಬಂದರು. ಮಲಯಾಳಿ ಸಿರಿಯನ್ ಕ್ರೈಸ್ತರು ಎಷ್ಟು ಹೆಚ್ಚಾದರೆಂದರೆ 1988ರಲ್ಲಿ ಅವರಿಗೆಂದೇ ಕಲ್ಯಾಣ ಧರ್ಮಪ್ರಾಂತ್ಯ ಆಯಿತು. ಇನ್ನು ನಾವು? ಟ್ರಂಕು ಹೊತ್ತು ದಾದರಿಗೆ ಬಂದಿಳಿದವರು. ಈ ನೆಲದ ಲೆಕ್ಕದಲ್ಲಿ ಈಸ್ಟರ್ ನಮಗಿಂತ ಹಳೆಯ ಖಾತೆದಾರ ಸ್ವಾಮಿ!

ಇರಲಿ, ಸಿಹಿಗೆ ಬರೋಣ. ಈಸ್ಟರಿಗೂ ಮೊಟ್ಟೆಗೂ ಏನು ಸಂಬಂಧ? ಈಸ್ಟರಿಗೆ ಮುಂಚಿನ ನಲವತ್ತು ದಿನ ಅವರಿಗೆ ತಪಸ್ಸುಕಾಲ. ಹಿಂದೆ ಯೂರೋಪಿನಲ್ಲಿ ಆ ದಿನಗಳಲ್ಲಿ ಮಾಂಸದ ಜತೆ ಮೊಟ್ಟೆಯೂ ವರ್ಜ್ಯ. ಕೋಳಿಗೆ ಅದೆಲ್ಲಿ ತಿಳಿಯಬೇಕು, ಅದು ಇಡುತ್ತಲೇ ಇತ್ತು! ಹಾಗೆ ಕೂಡಿಬಿದ್ದ ಮೊಟ್ಟೆಗಳಿಗೆ ಬಣ್ಣ ಹಚ್ಚಿ ಹಬ್ಬದ ದಿನ ಹಂಚುವ ರೂಢಿ ಬಂತು. ಚಿಪ್ಪು ಒಡೆದು ಜೀವ ಹೊರಬರುವುದು ಅವರಿಗೆ ಏಸು ಸಮಾಧಿಯಿಂದ ಎದ್ದುಬಂದದ್ದರ ಗುರುತು. ಚಾಕೊಲೇಟ್ ಮೊಟ್ಟೆ ಬಂದದ್ದು ತೀರಾ ಈಚೆಗೆ. ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಫ್ರೈ ಕಂಪನಿ 1873ರಲ್ಲಿ ಮಾಡಿತು.

ನಮ್ಮ ಮುಂಬೈ ಸೀಮೆಯದು ಮಾರ್ಜಿಪಾನ್ ಮೊಟ್ಟೆ. ಮೂಲದಲ್ಲಿ ಅದು ಬಾದಾಮಿ ಮತ್ತು ಸಕ್ಕರೆಯ ಮುದ್ದೆ. ಇಲ್ಲಿ ಬಾದಾಮಿಯ ಜಾಗಕ್ಕೆ ಗೋಡಂಬಿ ಬಂತು. ಗೋಡಂಬಿ ಗಿಡವನ್ನು ಬ್ರೆಜಿಲಿನಿಂದ ನಮ್ಮ ಕರಾವಳಿಗೆ ತಂದವರೂ ಅದೇ ಪೋರ್ಚುಗೀಸರು. ಗೋಡಂಬಿ, ಸಕ್ಕರೆ, ಸ್ವಲ್ಪ ಗುಲಾಬಿ ನೀರು... ಎಲ್ಲೋ ಕೇಳಿದ ಹಾಗಿದೆಯಲ್ಲ? ಹೌದು, ನಮ್ಮ ಕಾಜು ಕತ್ಲಿ! ಚೌಕಕ್ಕೆ ಕತ್ತರಿಸಿ ಬೆಳ್ಳಿ ವರ್ಖ ಹಚ್ಚಿದರೆ ದೀಪಾವಳಿ, ಉಂಡೆ ಕಟ್ಟಿ ಬಣ್ಣ ಹಚ್ಚಿದರೆ ಈಸ್ಟರ್.

ಅಚ್ಚಿನ ಸಿಹಿಯೇನು ನಮಗೆ ಹೊಸದೇ? ನಮ್ಮ ಧಾರವಾಡ, ಗದಗದ ಕಡೆ ದೀಪಾವಳಿ ಆದಮೇಲೆ ಗೌರಿ ಹುಣ್ಣಿಮೆ ಬರುತ್ತದೆ. ಸಕ್ಕರೆ ಆರತಿ ಇಲ್ಲದೆ ಅದು ಆಗುವುದೇ ಇಲ್ಲ. ಸಕ್ಕರೆ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ನೀರಲ್ಲಿ ನೆನೆಸಿಟ್ಟ ಮರದ ಅಚ್ಚಿನಲ್ಲಿ ಹೊಯ್ದರೆ ಸ್ವಲ್ಪ ಹೊತ್ತಿಗೆ ಗಟ್ಟಿ. ಅಚ್ಚು ಬಿಚ್ಚಿದರೆ ಆನೆ, ಕುದುರೆ, ನವಿಲು, ತೇರು. ಹೆಣ್ಣುಮಕ್ಕಳು ಅದನ್ನು ತಟ್ಟೆಯಲ್ಲಿಟ್ಟುಕೊಂಡು ಗೌರಿಗೆ ಬೆಳಗಲು ಹೋಗುತ್ತಿದ್ದರು. ಆರತಿ ಮುಗಿಯುವವರೆಗೆ ಆನೆಯ ಸೊಂಡಿಲು ಉಳಿದರೆ ಪುಣ್ಯ! ಮೈಸೂರು ಕಡೆಯವರಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚು. ಇಲ್ಲಿ ಪಾಡವಾ ದಿನ ಗುಢಿಯ ಕೊರಳಿಗೆ ಹಾಕುವ 'ಗಾಠಿ'ಯೂ ಇದೇ ಜಾತಿ, ದಾರ ಇಟ್ಟು ಪಾಕ ಹೊಯ್ದ ಸಕ್ಕರೆ ಬಿಲ್ಲೆಗಳ ಸರ. ಓವನ್ನಿನ ಹಂಗಿಲ್ಲದೆ ಮಕ್ಕಳನ್ನು ನಗಿಸುವ ಸಿಹಿ ಅನ್ನುವುದು ಎಲ್ಲರ ಮನೆಯ ವಿದ್ಯೆ.

ಅದಕ್ಕೇ ನನ್ನ ಹೆಂಡತಿ ಆ ವರ್ಷ ಎದುರು ಮನೆಗೆ ಹೋಗಿ, "ನಿಮ್ಮನ್ಯಾಗ ಬ್ಯಾಡಂದ್ರ ನಮ್ಮನ್ಯಾಗ ಮಾಡೋಣ, ನೀವು ಬಂದು ಕಲಸ್ರಿ" ಅಂದಳು. ಬಾಯಿ ಬಂದರು. ಒಂಬತ್ತು ಮಕ್ಕಳು ಬಂದರು. ಎರಡು ಮನೆಯವರು ಕಳಿಸಲಿಲ್ಲ, ಅದು ಅವರಿಷ್ಟ. ಯಾರ ಮಗುವನ್ನೂ ಅಪ್ಪ ಅಮ್ಮನಿಗೆ ತಿಳಿಸದೆ ಕರೆದು ಕೂಡಿಸಿಕೊಳ್ಳಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಮಾಡುವ ಬಗೆ ಸುಲಭ. 200 ಗ್ರಾಂ ಗೋಡಂಬಿ, 150 ಗ್ರಾಂ ಪುಡಿ ಸಕ್ಕರೆ. ಗೋಡಂಬಿಯನ್ನು ಮಿಕ್ಸರಿನಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮ ಓಡಿಸಿದರೆ ಏಪ್ರಿಲ್ ಸೆಕೆಗೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಜರಡಿ ಹಿಡಿದು, ಸಕ್ಕರೆ ಬೆರೆಸಿ, ರೋಸ್ ವಾಟರನ್ನು ಸಣ್ಣ ಚಮಚದಿಂದ ಒಂದೊಂದಾಗಿ ಹಾಕಿ ನಾದಬೇಕು. ಎರಡು ಮೂರು ಚಮಚ ಸಾಕು. ಹಳೆಯ ಪದ್ಧತಿಯಲ್ಲಿ ಮೊಟ್ಟೆಯ ಬಿಳಿ ಹಾಕಿ ಒಲೆಯ ಮೇಲೆ ಮಗುಚುತ್ತಾರೆ. ಮಕ್ಕಳ ಕೈಗೆ ಕೊಡುವಾಗ ಹಸಿ ಮೊಟ್ಟೆ ಬೇಡ, ಬಿಸಿಯೂ ಬೇಡ. ನಮ್ಮ ಮನೆಯಂಥ ಸಸ್ಯಾಹಾರಿಗಳಿಗೂ ಅನುಕೂಲ. ಮೊಟ್ಟೆ ಇಲ್ಲದ ಮೊಟ್ಟೆ! ಇಷ್ಟರಲ್ಲಿ ಸಣ್ಣವು ಇಪ್ಪತ್ತಾದರೂ ಆಗುತ್ತವೆ.

ಮೊಟ್ಟೆಗೆ ಗೂಡು ಬೇಡವೇ? ಅದಕ್ಕೆ ನಮ್ಮೂರ ಶಾವಿಗೆ. ನೂರು ಗ್ರಾಂ ಸಣ್ಣ ಶಾವಿಗೆಯನ್ನು ತುಪ್ಪದಲ್ಲಿ ಕೆಂಪಗೆ ಗರಿಗರಿಯಾಗಿ ಹುರಿದು, ಬಿಸಿನೀರಿನ ಪಾತ್ರೆಯ ಮೇಲೆ ಕರಗಿಸಿದ ಇನ್ನೂರು ಗ್ರಾಂ ಚಾಕೊಲೇಟಿಗೆ ಹಾಕಿ ಕಲಸುವುದು. ತುಪ್ಪ ಸವರಿದ ವಾಟಿಯಲ್ಲಿ ಒತ್ತಿ, ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಫ್ರಿಜ್ಜಿನಲ್ಲಿಟ್ಟರೆ ಅರ್ಧ ಗಂಟೆಗೆ ಹಕ್ಕಿಗೂಡು ತಯಾರು. ಹುರಿಯುವುದು, ಕರಗಿಸುವುದು ದೊಡ್ಡವರ ಕೆಲಸ. ಪಾಕದ ಹತ್ತಿರವಂತೂ ಮಕ್ಕಳನ್ನು ಬಿಡಲೇಬೇಡಿ. ಕುದಿಯುವ ನೀರಿಗಿಂತ ಪಾಕದ ಕಾವು ಹೆಚ್ಚು, ಮೈಗೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಐದು ವರ್ಷದೊಳಗಿನ ಕೂಸುಗಳಿಗೆ ಇಡೀ ಗೋಡಂಬಿಯನ್ನಾಗಲಿ ಗುಂಡನೆಯ ಗಟ್ಟಿ ಮಿಠಾಯಿಯನ್ನಾಗಲಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು. ಯಾವ ಮಗುವಿಗೆ ಗೋಡಂಬಿ ಆಗಿಬರುವುದಿಲ್ಲ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ನನ್ನ ಮುಖ್ಯ ತಕರಾರು ದೊಡ್ಡವರ ಮೇಲೆ. ಮಕ್ಕಳು ಉಂಡೆ ಕಟ್ಟಲು ಕೂತರೆ ಸಾಕು, ಹಿಂದಿನಿಂದ ಒಬ್ಬ ಅಮ್ಮನ ಕೈ ಬರುತ್ತದೆ, "ಹಾಗಲ್ಲ, ಹೀಗೆ." ಯಾಕೆ? ಫೋಟೋ ತೆಗೆಯಬೇಕಲ್ಲ! ಮಾಲಿನಿಂದ ಡಬ್ಬಿ ತಂದು, ಅದರಲ್ಲಿ ಕೊಟ್ಟ ಅಚ್ಚು, ಕೊಟ್ಟ ಬಣ್ಣ, ಡಬ್ಬಿಯ ಮೇಲಿನ ಚಿತ್ರದ ಹಾಗೇ ಬಂದರೆ ಚಪ್ಪಾಳೆ. ಅದಕ್ಕೆ ಮಗು ಯಾಕೆ ಬೇಕು, ಮಷಿನ್ನೇ ಸಾಕು. ನಮ್ಮಲ್ಲಿ ಒಬ್ಬ ಹುಡುಗ ಮಾಡಿದ ಮೊಟ್ಟೆ ನೋಡಿ ಇನ್ನೊಬ್ಬಳು, "ಕಾಕಾ, ಇದು ಮೊಟ್ಟೆ ಅಲ್ಲ, ಬಟಾಟಾ!" ಅಂದಳು. ಅವನು ಒಂದು ಕ್ಷಣ ಯೋಚಿಸಿ ಅದಕ್ಕೆ ಲವಂಗದ ಎರಡು ಕಣ್ಣಿಟ್ಟು, "ಇದು ಬಟಾಟಾ ಮರಿ, ಈಗಷ್ಟೇ ಮೊಟ್ಟೆಯಿಂದ ಹೊರಗೆ ಬಂದಿದೆ" ಅಂದ. ಈಸ್ಟರಿನ ಅರ್ಥ ಅವನಿಗೆ ನಮ್ಮೆಲ್ಲರಿಗಿಂತ ಬೇಗ ಹತ್ತಿತು ಅಂತ ಬಾಯಿ ನಕ್ಕರು. (ತಿನ್ನುವ ಮುಂಚೆ ಲವಂಗ ತೆಗೆಸಿದೆವು ಅನ್ನಿ.)

ಇನ್ನೊಂದು ಲಾಭ ನಮ್ಮ ಭಾಷೆಗೆ. ಇಲ್ಲಿಯ ಕನ್ನಡ ಸಂಘ ಶಾಲೆ ನಡೆಸುತ್ತದೆ, ನಾಟಕ ಮಾಡುತ್ತದೆ, ಎಲ್ಲ ಸರಿ. ಆದರೆ ಮನೆಯಲ್ಲಿ ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವವರು. ಅವರೇ ಅಡಿಗೆಮನೆಯಲ್ಲಿ ಕೈ ಅಂಟು ಮಾಡಿಕೊಂಡು ಕೂತಾಗ 'ನಾದು', 'ಜರಡಿ', 'ಚಿಟಿಕೆ', 'ಹದ' ಅಂತ ಕಲಿತರು. 'ಹದ' ಅನ್ನುವುದನ್ನು ಪುಸ್ತಕದಿಂದ ಕಲಿಸಿ ನೋಡೋಣ! ಅದನ್ನು ಬೆರಳೇ ಕಲಿಯಬೇಕು. ಬಾಯಿಯ ಕೊಂಕಣಿ ಮಾತು, ಮಲಯಾಳಿ ಹುಡುಗಿಯ ಮಾತು, ನಮ್ಮ ಧಾರವಾಡದ ಮಾತು ಒಂದೇ ಪರಾತದಲ್ಲಿ ಕೂಡಿದವು.

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಹಬ್ಬದ ಎಲ್ಲವೂ ಆಟದ ಸಾಮಾನಲ್ಲ. ಮಲಯಾಳಿ ಕ್ರೈಸ್ತರ ಮನೆಗಳಲ್ಲಿ ಈಸ್ಟರ್ ಮುಂಚಿನ ಗುರುವಾರ ರಾತ್ರಿ 'ಪೆಸಹಾ ಅಪ್ಪಂ' ಮಾಡುತ್ತಾರೆ. ಅಕ್ಕಿ ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸಿ, ಮೇಲೆ ಗರಿಯ ಶಿಲುಬೆ ಇಡುತ್ತಾರೆ. ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಮುರಿದು ಹಂಚುತ್ತಾರೆ. ಅದಕ್ಕೂ ಓವನ್ ಬೇಡ ನಿಜ, ಆದರೆ ಅದು ಅವರ ನೈವೇದ್ಯ. ಅದನ್ನು ನಾವು 'ಫನ್ ಆಕ್ಟಿವಿಟಿ' ಮಾಡಬಾರದು. ಗಣಪತಿಯ ಪಂಚಖಾದ್ಯವನ್ನು ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗನಿಸುತ್ತದೆ? ಯಾವುದನ್ನು ಆಡಬಹುದು, ಯಾವುದಕ್ಕೆ ಕೈ ಮುಗಿಯಬೇಕು ಅನ್ನುವುದನ್ನು ಆ ಮನೆಯವರನ್ನೇ ಕೇಳಬೇಕು. ಹಾಗೆ ಕೇಳುವುದನ್ನು ಮಕ್ಕಳು ನೋಡಬೇಕು. ಮತಾಂತರದ ಭಯ ಇರುವವರಿಗೂ ಮದ್ದು ಇದೇ. ಮೊಟ್ಟೆ ಯಾಕೆ ಅಂತ ಬಾಯಿ ಎರಡು ಮಾತಿನಲ್ಲಿ ಹೇಳಿದರು, ಗೌರಿಗೆ ಆನೆ ಯಾಕೆ ಅಂತ ನನ್ನ ಹೆಂಡತಿ ಎರಡು ಮಾತಿನಲ್ಲಿ ಹೇಳಿದಳು. ಯಾವ ಮಗುವಿನ ದೇವರೂ ಬದಲಾಗಲಿಲ್ಲ.

ನಮ್ಮ ಅವ್ವ ಒಂದು ನಿಯಮ ಪಾಲಿಸುತ್ತಿದ್ದಳು. ನೆರೆಮನೆಯಿಂದ ಬಂದ ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು, ಏನಿಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ಬರೆದ ನನಗೆ ಇದಕ್ಕಿಂತ ಜಾಣ ಲೆಕ್ಕ ಕಂಡಿಲ್ಲ. ಈ ಖಾತೆ ಎಂದೂ ಟ್ಯಾಲಿ ಆಗಬಾರದು. ಟ್ಯಾಲಿ ಆದ ದಿನ ತಟ್ಟೆಯ ಓಡಾಟ ನಿಂತಿತು ಅಂತ ಅರ್ಥ.

ಆದ್ದರಿಂದ ನನ್ನ ಸೂಚನೆ ಇಷ್ಟೆ. ಸೊಸೈಟಿಯ ಮಕ್ಕಳಿಗೆ ವರ್ಷಕ್ಕೆ ನಾಲ್ಕು ಶನಿವಾರ ಇಡಿ. ಸಂಕ್ರಾಂತಿಗೆ ಎಳ್ಳುಂಡೆ, ಈಸ್ಟರಿಗೆ ಗೋಡಂಬಿ ಮೊಟ್ಟೆ, ಈದ್‌ಗೆ ಶೀರ್ ಖುರ್ಮಾ, ಗೌರಿ ಹುಣ್ಣಿಮೆಗೆ ಸಕ್ಕರೆ ಆನೆ. ಯಾರ ಹಬ್ಬವೋ ಅವರೇ ಗುರು, ಉಳಿದವರ ಮಕ್ಕಳು ಶಿಷ್ಯರು. ದೊಡ್ಡವರು ಒಲೆ ನೋಡಿಕೊಂಡು ಬಾಯಿ ಮುಚ್ಚಿಕೊಂಡಿರಬೇಕು. ಖರ್ಚು ಎಷ್ಟಾದೀತು, ಒಂದು ಪಿಜ್ಜಾದಷ್ಟು. ನೀವೇನಂತೀರಿ?