ಗುಂಡಿ ನಮಗಿರಲಿ, ಹಸಿರು ಹಲಗೆ ಕಾರ್ಖಾನೆಗೆ ಹೋಗಲಿ

ಮಕ್ಕಳೇ, ಹಳೆಯ ಕಂಪ್ಯೂಟರಿನ ಬಿಡಿಭಾಗಗಳಿಂದ ಮಾಡಿದ ಕೀಚೈನ್ ನೋಡಿದ್ದೀರಾ? ಕಂಪ್ಯೂಟರಿನ ಒಳಗಿರುವ ಹಸಿರು ಹಲಗೆಯ ತುಂಡಿಗೆ ತೂತು ಕೊರೆದು, ಒಂದು ಉಂಗುರ ಸಿಕ್ಕಿಸಿದರೆ ಕೀಚೈನ್ ಸಿದ್ಧ. ನೋಡಲು ಚೆಂದ. 'ಕಸದಿಂದ ರಸ' ಎಂದು ವಿಜ್ಞಾನ ವಸ್ತು ಪ್ರದರ್ಶನದಲ್ಲಿ ಇಡಲೂಬಹುದು. ಆದರೆ ಹಸಿರು ಹಲಗೆಯ ಕೀಚೈನ್ ಬೇಡ ಎಂಬುದು ನನ್ನ ಅಭಿಪ್ರಾಯ. ಏಕೆ ಗೊತ್ತೇ?

ಆ ಹಲಗೆಗೆ ಸರ್ಕ್ಯೂಟ್ ಬೋರ್ಡ್ ಎಂದು ಹೆಸರು. ಗಾಜಿನ ಸಣ್ಣ ಎಳೆಗಳನ್ನು ರಾಳದಲ್ಲಿ ಸೇರಿಸಿ ಅದನ್ನು ತಯಾರಿಸುತ್ತಾರೆ. ಅದರ ಮೇಲೆ ತಾಮ್ರದ ತೆಳು ಗೆರೆಗಳಿರುತ್ತವೆ. ಚಿಪ್ ಮುಂತಾದ ಭಾಗಗಳನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಹಳೆಯ ಕಂಪ್ಯೂಟರುಗಳಲ್ಲಿ ಈ ಬೆಸುಗೆ ಸಾಮಾನ್ಯವಾಗಿ ತವರ ಮತ್ತು ಸೀಸದ ಮಿಶ್ರಲೋಹ. ಸೀಸ ವಿಷಕಾರಿ ಲೋಹ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಇಷ್ಟು ಸೀಸ ದೇಹ ಸೇರಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುರೋಪ್ ಒಕ್ಕೂಟವು 2006ರ ಜುಲೈನಿಂದ ಹೊಸ ವಿದ್ಯುನ್ಮಾನ ಉಪಕರಣಗಳಲ್ಲಿ ಸೀಸದ ಬಳಕೆಗೆ ಮಿತಿ ಹಾಕಿತು.

ಕೀಚೈನ್ ದಿನವೂ ಕೈಯಲ್ಲಿ ಹಿಡಿಯುವ ವಸ್ತು. ಅದೇ ಕೈಯಲ್ಲಿ ನಾವು ಊಟ ಮಾಡುತ್ತೇವೆ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅದನ್ನು ನೇರವಾಗಿ ಬಾಯಿಗೇ ಇಟ್ಟುಕೊಳ್ಳಬಹುದು. ಹಲಗೆಯನ್ನು ಗರಗಸದಿಂದ ಕೊಯ್ದರಂತೂ ಗಾಜಿನ ಎಳೆಗಳ ದೂಳು ನಮ್ಮ ಶ್ವಾಸಕೋಶಕ್ಕೇ ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ. ಹಲಗೆಯ ಸಂಪರ್ಕ ಬಿಂದುಗಳು ತುಕ್ಕು ಹಿಡಿಯದಿರಲೆಂದು ಅವುಗಳಿಗೆ ಚಿನ್ನದ ತೆಳು ಲೇಪ ಕೊಟ್ಟಿರುತ್ತಾರೆ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಒಂದು ಟನ್ ಅದಿರು ಅಗೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಕಂಪ್ಯೂಟರ್ ಹಲಗೆಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಚಿನ್ನವಿರುತ್ತದೆ! 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತಲ್ಲವೇ? ಅದರ ಪದಕಗಳಿಗಾಗಿ ಜಪಾನಿನ ಜನ 2017ರಿಂದ 2019ರವರೆಗೆ ಹಳೆಯ ಮೊಬೈಲ್, ಕಂಪ್ಯೂಟರ್ ಮುಂತಾದವನ್ನು ಕೊಟ್ಟರು. ಅವುಗಳಿಂದ ಸುಮಾರು 32 ಕಿಲೋಗ್ರಾಂ ಚಿನ್ನ ಸಿಕ್ಕಿತು. ಜಾವೆಲಿನ್ ಎಸೆತದಲ್ಲಿ ನೀರಜ್ ಚೋಪ್ರಾ ಗೆದ್ದ ಪದಕವೂ ಅಂಥ ಲೋಹದಿಂದಲೇ ಆದದ್ದು. ಕೀಚೈನಿಗೆ ಸೇರಿದ ಚಿನ್ನವಾದರೋ ಒಂದು ದಿನ ತಿಪ್ಪೆ ಸೇರುತ್ತದೆ.

"ಒಂದು ಕೀಚೈನ್ ಮಾಡಿದರೆ ಅಷ್ಟಾದರೂ ಕಸ ಕಡಿಮೆಯಾಗುವುದಿಲ್ಲವೇ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಆದರೆ ಲೆಕ್ಕ ನೋಡಿ. 2022ರಲ್ಲಿ ಜಗತ್ತಿನಲ್ಲಿ ಸುಮಾರು 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು ಕಾಲು ಭಾಗಕ್ಕಿಂತ ಕಡಿಮೆ. ಈ ಬೆಟ್ಟವನ್ನು ಕೀಚೈನುಗಳಿಂದ ಕರಗಿಸಲಾಗದು.

ಹಾಗಾದರೆ ಕೀಚೈನ್ ಮಾಡುವುದೇ ಬೇಡವೇ? ಖಂಡಿತ ಮಾಡಿ! ಅದಕ್ಕೆ ಕೀಲಿಮಣೆಯ ಗುಂಡಿಗಳಿವೆಯಲ್ಲ! ಅವು ಬರೀ ಪ್ಲಾಸ್ಟಿಕ್, ಬೆಸುಗೆ ಇರುವುದಿಲ್ಲ. ಒಂದು ದೊಡ್ಡ ಕೀಲಿಮಣೆಯಲ್ಲಿ ಸುಮಾರು 104 ಗುಂಡಿಗಳಿರುತ್ತವೆ. ಇಡೀ ತರಗತಿಗೆ ಸಾಕು. ಕೆಟ್ಟುಹೋದ ಕೀಲಿಮಣೆಯನ್ನಷ್ಟೇ ಆರಿಸಿ. ಅದು ಶಾಲೆಯದಾಗಿದ್ದರೆ ಮುಖ್ಯೋಪಾಧ್ಯಾಯರ ಅನುಮತಿ ಬೇಕು. ಗುಂಡಿಗಳನ್ನು ಕಿತ್ತು, ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ. ತೂತು ಕೊರೆಯುವ ಕೆಲಸ ಶಿಕ್ಷಕರದು. ಬಿಸಿ ಸೂಜಿ ಬಳಸಬೇಡಿ, ಪ್ಲಾಸ್ಟಿಕ್ಕಿನ ಹೊಗೆ ಒಳ್ಳೆಯದಲ್ಲ. ನಿಮ್ಮ ಹೆಸರಿನ ಮೊದಲ ಅಕ್ಷರವೇ ನಿಮ್ಮ ಕೀಚೈನ್ ಆಗುತ್ತದೆ!

ಉಳಿದ ಹಲಗೆ, ತಂತಿ, ಬ್ಯಾಟರಿಗಳನ್ನು ತಿಪ್ಪೆಗೆ ಎಸೆಯಬೇಡಿ, ಸುಡಬೇಡಿ. ಹಳೆಯ ಮಾನಿಟರನ್ನು ಬಿಚ್ಚಲೇಬೇಡಿ. ನಮ್ಮ ದೇಶದಲ್ಲಿ 2012ರಿಂದ ಇ-ತ್ಯಾಜ್ಯಕ್ಕೆಂದೇ ನಿಯಮಗಳಿವೆ. ಅವುಗಳ ಪ್ರಕಾರ ನೋಂದಾಯಿಸಿಕೊಂಡ ಮರುಬಳಕೆ ಕಾರ್ಖಾನೆಗಳೇ ಇವನ್ನು ಬಿಚ್ಚಿ ಲೋಹ ತೆಗೆಯಬೇಕು. ಶಾಲೆಯ ಮೂಲೆಯಲ್ಲಿ ಕೆಟ್ಟ ಕಂಪ್ಯೂಟರ್ ದೂಳು ತಿನ್ನುತ್ತಿದೆಯೇ? ಅದನ್ನು ಅಂಥ ಕಾರ್ಖಾನೆಗೆ ಹೇಗೆ ತಲುಪಿಸಬಹುದೆಂದು ನಿಮ್ಮ ಶಿಕ್ಷಕರನ್ನು ಕೇಳಿ. ನೀವು ಕೇಳುವ ಆ ಒಂದು ಪ್ರಶ್ನೆ ನೂರು ಕೀಚೈನುಗಳಿಗಿಂತ ದೊಡ್ಡ ಕೆಲಸ ಮಾಡಬಲ್ಲದು.