ಮನೆಯೇ ಕಾಯಕದ ಸ್ಥಳವಾದಾಗ



“ಮನೆಯಲ್ಲಿಯೇ ಕುಳಿತು ನಾಲ್ಕು ಕಾಸು ಗಳಿಸುತ್ತಾಳೆ, ಮಗುವನ್ನೂ ನೋಡಿಕೊಳ್ಳುತ್ತಾಳೆ, ಇದಕ್ಕಿಂತ ಹೆಚ್ಚಿನ ಅನುಕೂಲ ಏನಿದೆ?” ಎಂಬ ಮಾತು ನಮ್ಮ ಮನೆತನಗಳಲ್ಲಿ ಆಗಾಗ ಕೇಳಿಬರುತ್ತದೆ. ಧಾರವಾಡದ ನಮ್ಮ ಓಣಿಯಲ್ಲಿ ಈ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಆಡಿದವಳು ನಾನೇ. ಅದು ಎಷ್ಟು ಅರ್ಧ ಸತ್ಯವೆಂಬುದನ್ನು ನನ್ನ ಸೊಸೆಯಿಂದ ಕಲಿತೆನು. ಆ ಪಾಠವನ್ನು ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಸೊಸೆ ಕಸೂತಿ ಹಾಕುವವಳು. ಇಳಕಲ್ ಸೀರೆಗಳಿಗೆ ತೇರು, ಗೋಪುರ, ಆನೆ, ತೊಟ್ಟಿಲುಗಳನ್ನು ತೆಗೆದು ಕೊಡುವುದು ಅವಳ ಸ್ವಂತ ಉದ್ಯೋಗ. ಕಸೂತಿಯ ಕಷ್ಟವನ್ನು ಬಲ್ಲವರೇ ಬಲ್ಲರು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಸೂಜಿ ಸಾಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಗವಂತಿ, ಮುರಗಿ ಹೊಲಿಗೆಗಳು ಸೀರೆಯ ಎರಡೂ ಬದಿಗೆ ಒಂದೇ ತೆರನಾಗಿ ಕಾಣಬೇಕು. ನಡುವೆ ಒಂದು ಎಳೆ ತಪ್ಪಿದರೆ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಆರಂಭಿಸಬೇಕು. ಇಂಥ ಕೆಲಸಕ್ಕೆ ಕುಳಿತವಳನ್ನು ಬಾಗಿಲು ಬಡಿದವರೆಲ್ಲ ಎಬ್ಬಿಸುತ್ತಿದ್ದರು. ಗ್ಯಾಸಿನವನು ಬಂದರೂ ಅವಳೇ, ನೆಂಟರು ಬಂದರೂ ಅವಳೇ, ಎರಡು ವರ್ಷದ ಮೊಮ್ಮಗಳು ಅತ್ತರೂ ಅವಳೇ. “ಹೇಗೂ ಮನೆಯಲ್ಲಿದ್ದಾಳಲ್ಲ” ಎಂದು ನಾವೆಲ್ಲರೂ ಭಾವಿಸಿದ್ದೆವು.

ಒಂದು ಮದುವೆಯ ಸುಗ್ಗಿಯಲ್ಲಿ ಅವಳು ಯಾರಿಗೂ ಇಲ್ಲವೆನ್ನಲಾರದೆ ಮೂರು ಸೀರೆಗಳನ್ನು ಒಟ್ಟಿಗೆ ಒಪ್ಪಿಕೊಂಡಳು. ಅದೇ ವಾರ ಮಗುವಿಗೆ ಜ್ವರ ಬಂದಿತು. ನಡುರಾತ್ರಿ ನಾನು ನೀರಿಗೆಂದು ಎದ್ದಾಗ, ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡು ದೀಪದಡಿಯಲ್ಲಿ ಸೆರಗಿಗೆ ಹೊಲಿಗೆ ಹಾಕುತ್ತಿದ್ದಳು. ಮುಂಜಾನೆ ನೋಡಿದರೆ ಎಣಿಕೆ ತಪ್ಪಿತ್ತು. ರಾತ್ರಿಯ ಕೆಲಸವನ್ನೆಲ್ಲ ಬಿಚ್ಚಬೇಕಾಯಿತು. ಅವಳು ಅಳಲಿಲ್ಲ, ಬೈಯಲಿಲ್ಲ. “ಅತ್ತೀ, ನಾ ಮನ್ಯಾಗ ಇದ್ದೂ ಕೂಸಿಗೆ ಸಿಗವಲ್ಲೆ” ಎಂದಷ್ಟೇ ಹೇಳಿದಳು. ಆ ಮಾತು ನನ್ನನ್ನು ನಾಟಿತು. ಏಕೆಂದರೆ ಆ ಮೂರನೆಯ ಸೀರೆ ನನ್ನ ಗೆಳತಿಯದು. ಒಪ್ಪಿಕೋ ಎಂದು ಒತ್ತಾಯಿಸಿದವಳು ನಾನು.

ಜ್ವರ ಇಳಿದ ಮೇಲೆ ನಾನು, ಮಗ, ಸೊಸೆ ಮೂವರೂ ಕುಳಿತು ಲೆಕ್ಕ ಮಾಡಿದೆವು. ಒಂದು ಸೀರೆಗೆ ಅವಳು ಪಡೆಯುತ್ತಿದ್ದುದು 1,800 ರೂಪಾಯಿ. ದಾರಕ್ಕೆ 300 ಕಳೆದರೆ ಉಳಿಯುವುದು 1,500. ಅದಕ್ಕೆ ಹಿಡಿಯುತ್ತಿದ್ದ ಹೊತ್ತು 60 ಗಂಟೆ. ಅಂದರೆ ಗಂಟೆಗೆ 25 ರೂಪಾಯಿ! ದಾರದ ಬೆಲೆ ಅವಳಿಗೆ ಬಾಯಿಪಾಠವಾಗಿತ್ತು, ತನ್ನ ಹೊತ್ತಿನ ಬೆಲೆಯನ್ನು ಮಾತ್ರ ಅವಳು ಎಂದೂ ಕಟ್ಟಿರಲಿಲ್ಲ. ನಾವೂ ಕಟ್ಟಿರಲಿಲ್ಲ.

ಇದು ನಮ್ಮೊಂದು ಮನೆಯ ಕಥೆಯಲ್ಲ. ರಾಷ್ಟ್ರೀಯ ಅಂಕಿಅಂಶ ಕಚೇರಿಯು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಸುಮಾರು ಐದು ಗಂಟೆಯ ಈ ದುಡಿಮೆಯ ಮೇಲೆ ಉದ್ಯೋಗವನ್ನೂ ಹೊರಿಸಿದರೆ ತಾಯಿಯ ನಿದ್ರೆಯಲ್ಲದೆ ಬೇರೇನು ಕಡಿಮೆಯಾದೀತು? ನೌಕರಿಯಲ್ಲಿರುವ ತಾಯಂದಿರ ಹೆರಿಗೆ ರಜೆಯನ್ನು 2017ರ ತಿದ್ದುಪಡಿಯು 26 ವಾರಗಳಿಗೆ ಏರಿಸಿತು. ಸ್ವಂತ ಉದ್ಯೋಗದ ತಾಯಿಗೆ ರಜೆ ಕೊಡುವ ಯಜಮಾನನೇ ಇಲ್ಲ. ಅವಳಿಗೆ ಬಿಡುವು ಮನೆಯವರಿಂದಲೇ ದೊರೆಯಬೇಕು.

ಈ ಸಂದರ್ಭದಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರು ನೆನಪಾದರು. ಪತಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಹೇಳಿದ ತಾಯಿ ಅವರು. ಈ ಕಥೆಯನ್ನು ನಾವು ಆಸೆಗೆ ಮಿತಿ ಹೇಳಲು ಬಳಸುತ್ತೇವೆ. ಕಾಯಕಕ್ಕೂ ಒಂದು ಅಳತೆಯಿದೆ ಎಂಬ ಅರ್ಥವೂ ಅದರಲ್ಲಿದೆ ಎಂದು ನನಗೆ ಈಗ ತೋರುತ್ತದೆ. ಇಲ್ಲವೆನ್ನಲು ಬಾರದ ದುಡಿಮೆ ಕೊನೆಗೆ ಮನೆಯನ್ನೇ ದಣಿಸುತ್ತದೆ.

ನಾವು ಮಾಡಿಕೊಂಡ ಏರ್ಪಾಡು ಸರಳವಾದುದು. ಮುಂಜಾನೆ 11ರಿಂದ 1 ಮತ್ತು ಮಧ್ಯಾಹ್ನ 3ರಿಂದ 5 ಅವಳ ಕಾಯಕದ ಹೊತ್ತು. ಆಗ ಮಗು ನನ್ನ ಬಳಿ, ಬಾಗಿಲ ಕರೆಯೂ ನನ್ನದೇ. ಸಂಜೆ ಮಗುವಿನ ಊಟ, ಮಲಗಿಸುವಿಕೆ ಮಗನ ಪಾಲಿಗೆ. ಒಂದು ಸಲಕ್ಕೆ ಒಂದೇ ಸೀರೆ. ಗಿರಾಕಿಗೆ ಹೇಳುವ ದಿನಾಂಕದಲ್ಲಿ ಮಗುವಿನ ಜ್ವರ ನೆಗಡಿಗೆಂದು ನಾಲ್ಕು ದಿನ ಸೇರಿಸಿಯೇ ಹೇಳುವುದು. ದರವನ್ನು ಗಂಟೆಯ ಲೆಕ್ಕದಿಂದ ಕಟ್ಟುವುದು; ಅರ್ಧ ಹಣವನ್ನು ಮುಂಗಡವಾಗಿ ಪಡೆಯುವುದು. ಹಣವೆಲ್ಲ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಸೇರಬೇಕು. 2020ರ ಜುಲೈಯಲ್ಲಿ ಆರಂಭವಾದ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಅದನ್ನೂ ಮಾಡಿಸಿದೆವು. ನಾಳೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ತನ್ನದೊಂದು ಉದ್ಯೋಗವಿದೆ ಎಂದು ತೋರಿಸಲು ಅವಳ ಕೈಯಲ್ಲಿ ಕಾಗದವಿರಲಿ ಎಂಬುದೇ ಉದ್ದೇಶ.

ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ದರ ಏರಿದಾಗ ಇಬ್ಬರು ಗಿರಾಕಿಗಳು ಬೇರೆಡೆಗೆ ಹೋದರು. ಅವರಲ್ಲಿ ನನ್ನ ಗೆಳತಿಯೂ ಒಬ್ಬಳು. ಅವಳು ನನ್ನೊಡನೆ ಕೆಲವು ದಿನ ಮಾತು ಬಿಟ್ಟಿದ್ದಳು. ಕೆಲವು ತಿಂಗಳು ಆದಾಯವೂ ತಗ್ಗಿತು. ನನ್ನ ಮಧ್ಯಾಹ್ನದ ನಿದ್ರೆಯಂತೂ ಹೋಯಿತು. ಆದರೆ ಐದು ಗಂಟೆಗೆ ಸೂಜಿಯನ್ನು ಡಬ್ಬಿಯಲ್ಲಿಟ್ಟು ಸೊಸೆ ಹೊರಬಂದಾಗ, ಮೊಮ್ಮಗಳು ಓಡಿಹೋಗಿ ಕಾಲು ಹಿಡಿಯುತ್ತಾಳೆ. ಆ ಹೊತ್ತಿನಲ್ಲಿ ತಾಯಿಯ ಕಣ್ಣು ಎಳೆ ಎಣಿಸುತ್ತಿರುವುದಿಲ್ಲ.

ಅತ್ತೆಯಂದಿರೆ, ಗಂಡಂದಿರೆ, ನಿಮ್ಮ ಮನೆಯಲ್ಲಿಯೂ ರೊಟ್ಟಿ ಬಡಿದು ಮಾರುವ, ಬಟ್ಟೆ ಹೊಲಿಯುವ, ಗಣಕಯಂತ್ರದ ಮುಂದೆ ಕುಳಿತು ಲೆಕ್ಕ ಬರೆಯುವ ತಾಯಿಯೊಬ್ಬಳಿರಬಹುದು. ಅವಳು ಮನೆಯಲ್ಲಿದ್ದಾಳೆ, ನಿಜ. ಬಿಡುವಾಗಿದ್ದಾಳೆ ಎಂದು ಮಾತ್ರ ತಿಳಿಯಬೇಡಿ. ಇಂದೇ ಅವಳ ಪಕ್ಕದಲ್ಲಿ ಕುಳಿತು ಅವಳ ಹೊತ್ತಿನ ಲೆಕ್ಕ ಕೇಳಿರಿ. ಬಳಿಕ ಮಗುವನ್ನು ಎತ್ತಿಕೊಳ್ಳಿರಿ.